ಶ್ರಮೆಯ ಕಾಲದಲ್ಲಿ ಒಂದೇ ಒಂದು ವಿಷಯ ಬದಲಾಗಲಿ: ಮಾಡುವುದು ಹೇಗೆ?

ಕ್ರೈಸ್ತ ಜೀವನದಲ್ಲಿ ಬೆಳೆಯಬೇಕು ಅನ್ನುವ ಆಸೆಯಿಂದ ಬಂದವರಿಗೆ ನಾನು ಮೊದಲು ಹೇಳುವುದು ಇಷ್ಟೇ: ಇನ್ನೊಂದು ಕೂಟ ಸೇರಿಸಿಕೊಳ್ಳಬೇಡಿ. ಭಾನುವಾರ ಆರಾಧನೆ ಇದೆ, ಬುಧವಾರ ಸ್ತ್ರೀ ಸಂಘ ಇದೆ, ಶುಕ್ರವಾರ ಉಪವಾಸ ಪ್ರಾರ್ಥನೆ ಇದೆ. ಬೆಳಿಗ್ಗೆ ಫೋನ್ ತೆಗೆದರೆ ವಾಗ್ದಾನದ ವಾಕ್ಯಗಳು ಹತ್ತು ಕಡೆಯಿಂದ ಬಂದಿರುತ್ತವೆ. ಇಷ್ಟೆಲ್ಲ ಇದ್ದೂ ಮನೆಯಲ್ಲಿ ಅದೇ ಸಿಟ್ಟು, ಅದೇ ಚಾಡಿ, ಅದೇ ಹೊಟ್ಟೆಕಿಚ್ಚು. ಅಂದರೆ ಕೂಟಗಳು ಕಡಿಮೆಯಾಗಿಲ್ಲ. ನಾವು ದೇವರ ಮುಂದೆ ಎಲ್ಲವನ್ನೂ ಒಟ್ಟಿಗೆ ಹೇಳಿ ಮುಗಿಸುತ್ತೇವೆ, ಒಂದನ್ನೂ ಬಿಡಿಸಿ ಹೇಳುವುದಿಲ್ಲ. ‘ಕರ್ತನೇ, ನಾನು ಪಾಪಿ’ ಅನ್ನುವುದು ಸುಲಭ. ‘ಕರ್ತನೇ, ನಿನ್ನೆ ಸಂಜೆ ನಾದಿನಿಯ ಬಗ್ಗೆ ಪಕ್ಕದ ಮನೆಯಲ್ಲಿ ನಾನಾಡಿದ ಮಾತು ಸುಳ್ಳು’ ಅನ್ನುವುದು ಕಷ್ಟ. ಬದಲಾವಣೆ ಶುರುವಾಗುವುದು ಆ ಎರಡನೆಯ ಮಾತಿನಿಂದ.

ನಾನು ನಿವೃತ್ತ ನರ್ಸ್. ಇರುವುದು ಹುಬ್ಬಳ್ಳಿಯಲ್ಲಿ. ನಮ್ಮದು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ, ಸ್ವಿಟ್ಜರ್ಲೆಂಡಿನಿಂದ ಬಂದ ಹಳೆಯ ಬಾಸೆಲ್ ಮಿಷನ್ನಿಗೆ ಸೇರಿದ ಮನೆತನ. ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ, 1839ರಲ್ಲಿ ನಮ್ಮ ಹುಬ್ಬಳ್ಳಿಗೆ ಬಂದವರು. ನಮ್ಮ ಅಜ್ಜಿಯ ಮನೆಯಲ್ಲಿ ಸಂಜೆಯ ಕುಟುಂಬ ಪ್ರಾರ್ಥನೆ ಮುಗಿಯದೆ ರೊಟ್ಟಿ ಬುಟ್ಟಿ ತೆರೆಯುತ್ತಿರಲಿಲ್ಲ. ಈಗ ನಾನು ಸ್ತ್ರೀ ಸಂಘದಲ್ಲಿ ವಾಕ್ಯ ಓದಿಸುತ್ತೇನೆ, ದೃಢೀಕರಣಕ್ಕೆ, ಅಂದರೆ ತಮ್ಮ ನಂಬಿಕೆಯನ್ನು ಸಭೆಯ ಮುಂದೆ ತಾವೇ ಒಪ್ಪಿಕೊಳ್ಳುವ ವಿಧಿಗೆ, ತಯಾರಾಗುವ ಹೆಣ್ಣುಮಕ್ಕಳ ಜೊತೆ ಕೂರುತ್ತೇನೆ. ‘ಅಕ್ಕಾ, ದೃಢೀಕರಣ ಆಯ್ತು, ಕರ್ತನ ಭೋಜನದ ಸಂಸ್ಕಾರ ತಗೊಳ್ತಿದ್ದೀನಿ, ಆದ್ರೂ ನಾನು ಹಾಗೇ ಇದ್ದೀನಲ್ಲ?’ ಅಂತ ಕೇಳುವವರು ಪ್ರತಿ ವರ್ಷ ಸಿಗುತ್ತಾರೆ. ಅವರ ಜೊತೆ ನಾನು ಮಾಡುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ: ನಮ್ಮ ಒಂದೇ ಒಂದು ತಪ್ಪು ಆರಿಸಿ, ನಲವತ್ತು ದಿನ ಅದರ ಮೇಲೆ ಮಾತ್ರ ಗಮನ ಇಡುವುದು.

ಯಾವಾಗ ಬೇಕಾದರೂ ಶುರುಮಾಡಬಹುದು. ಆದರೆ ಈಸ್ಟರ್ ಹಬ್ಬಕ್ಕೆ ಮುಂಚೆ ಬರುವ ಉಪವಾಸದ ದಿನಗಳು, ಅಂದರೆ ಶ್ರಮೆಯ ಕಾಲ (ಲೆಂಟ್), ಒಳ್ಳೆಯದು. ಬೂದಿ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದ ತನಕ 46 ದಿನ. ಅದರಲ್ಲಿ ಆರು ಭಾನುವಾರ ಲೆಕ್ಕಕ್ಕಿಲ್ಲ, ಉಳಿಯುವುದು 40. ಭಾನುವಾರ ಕರ್ತನು ಎದ್ದ ದಿನ. ಅವತ್ತು ನಿಮ್ಮನ್ನು ನೀವು ತೂಗಿ ನೋಡಬೇಡಿ, ಸುಮ್ನೆ ಸ್ತೋತ್ರ ಮಾಡಿ. ಇದು ಚಿಕ್ಕ ಮಾತಲ್ಲ. ವಾರದ ಏಳೂ ದಿನ ತನ್ನ ತಪ್ಪನ್ನೇ ನೋಡುತ್ತಾ ಕೂತವರು ಬೇಗ ಸೋಲುತ್ತಾರೆ.

ಯಾವ ಒಂದು?

ಇಲ್ಲಿಯೇ ಜಾಸ್ತಿ ಸಮಯ ಕೊಡಿ. ಒಂದು ವಾರವೇ ಹೋದರೂ ಪರವಾಗಿಲ್ಲ.

ಬೈಬಲಿನ 139ನೆಯ ಕೀರ್ತನೆಯ ಕೊನೆಯ ಎರಡು ವಚನ ತೆಗೆಯಿರಿ. ದೇವರೇ ನನ್ನನ್ನು ಶೋಧಿಸು, ನನ್ನ ಹೃದಯ ತಿಳಿದುಕೋ, ಕೇಡಿನ ದಾರಿ ನನ್ನಲ್ಲಿದೆಯೋ ನೋಡು ಅಂತ ದಾವೀದ ಬೇಡುವ ಜಾಗ ಅದು. ಹುಡುಕುವ ಕೆಲಸ ಅವನು ದೇವರಿಗೆ ಕೊಡುತ್ತಾನೆ. ನೀವೂ ಹಾಗೇ ಮಾಡಿ. ರಾತ್ರಿ ಮಲಗುವ ಮುಂಚೆ ಆ ಎರಡು ವಚನ ಹೇಳಿ ಸುಮ್ಮನಿರಿ. ಮೂರ್ನಾಲ್ಕು ದಿನದಲ್ಲಿ ಯಾವುದೋ ಒಂದು ವಿಷಯ ಮತ್ತೆ ಮತ್ತೆ ಎದುರಿಗೆ ಬರುತ್ತದೆ. ‘ಅದೇನು ದೊಡ್ಡದು ಬಿಡು’ ಅಂತ ನಿಮಗೇ ಅನಿಸುವ ವಿಷಯವೇ ಹೆಚ್ಚಾಗಿ ಅದು.

ಬಂದ ಮೇಲೆ ಅದನ್ನು ಸಣ್ಣದಾಗಿ ಬರೆಯಿರಿ. ‘ಸಿಟ್ಟು’ ಅಂತ ಬರೆದರೆ ಏನೂ ಆಗುವುದಿಲ್ಲ. ಸಿಟ್ಟು ಯಾರ ಮೇಲೆ, ಎಷ್ಟು ಹೊತ್ತಿಗೆ, ಎಲ್ಲಿ? ‘ಶಾಲೆ ಬಸ್ ಬರುವ ಮುಂಚೆ ಮಗನಿಗೆ ಕೂಗುವುದು’ ಅಂತ ಬರೆಯಿರಿ. ‘ಲೋಭ’ ಬೇಡ, ‘ಮನೆಕೆಲಸದವಳು ರಜೆ ಹಾಕಿದರೆ ಸಂಬಳ ಮುರಿಯುವುದು’ ಅಂತ ಬರೆಯಿರಿ. ‘ಅಶುದ್ಧ ಆಲೋಚನೆ’ ಬೇಡ, ‘ಎಲ್ಲರೂ ಮಲಗಿದ ಮೇಲೆ ಫೋನ್ ಹಿಡಿದು ಕೂರುವುದು’ ಅಂತ ಬರೆಯಿರಿ. ಬರೆದಿದ್ದನ್ನು ಓದಿದಾಗ ಮುಖ ಬಿಸಿಯಾಗಬೇಕು. ಆಗದಿದ್ದರೆ ಇನ್ನೂ ದೊಡ್ಡದಾಗಿಯೇ ಬರೆದಿದ್ದೀರಿ.

ಮತ್ತೊಂದು ಗಮನಿಸಿ. ಚಹಾ ಬಿಡುತ್ತೇನೆ, ಮಾಂಸ ಬಿಡುತ್ತೇನೆ, ಸೀರಿಯಲ್ ನೋಡುವುದಿಲ್ಲ ಅನ್ನುವುದು ಒಳ್ಳೆಯ ಉಪವಾಸವೇ. ನಾನೂ ಮಾಡುತ್ತೇನೆ. ಆದರೆ ಪ್ರವಾದಿ ಯೆಶಾಯನ ಗ್ರಂಥದ 58ನೆಯ ಅಧ್ಯಾಯ ಓದಿ. ಜನ ಉಪವಾಸ ಮಾಡಿ ‘ದೇವರು ಯಾಕೆ ನೋಡುತ್ತಿಲ್ಲ’ ಅಂತ ಕೇಳುತ್ತಾರೆ. ಉಪವಾಸದ ದಿನವೇ ನಿಮ್ಮ ಆಳುಗಳಿಂದ ದುಡಿಸಿಕೊಳ್ಳುತ್ತೀರಿ, ಜಗಳ ಆಡುತ್ತೀರಿ, ಗುದ್ದಾಡುತ್ತೀರಿ ಅಂತ ಉತ್ತರ ಬರುತ್ತದೆ. ಹಾಗಾಗಿ ನೀವು ಆರಿಸುವ ಒಂದು ವಿಷಯ ಇನ್ನೊಬ್ಬರಿಗೆ ತಟ್ಟುವಂಥದ್ದಾಗಿರಲಿ. ನಿಮ್ಮ ಚಹಾ ಬಿಟ್ಟರೆ ನಿಮ್ಮ ತಲೆ ಮಾತ್ರ ನೋಯುತ್ತದೆ. ನಿಮ್ಮ ಬಾಯಿ ಬದಲಾದರೆ ಇಡೀ ಮನೆಗೆ ಗೊತ್ತಾಗುತ್ತದೆ.

ಕೃಪೆ ಮೊದಲು, ಪ್ರಯತ್ನ ಆಮೇಲೆ

ನರಕದ ಹೆದರಿಕೆಯಿಂದ ಬದಲಾಗಲು ಹೊರಟವರನ್ನು ತುಂಬಾ ನೋಡಿದ್ದೇನೆ. ಆ ಹೆದರಿಕೆ ಎರಡು ವಾರ ಓಡುತ್ತದೆ, ಆಮೇಲೆ ನಿಲ್ಲುತ್ತದೆ.

ಅಪೊಸ್ತಲ ಪೌಲನು ಎಫೆಸದ ಸಭೆಯವರಿಗೆ ಬರೆದ ಪತ್ರ ಇಡಿಯಾಗಿ ಒಮ್ಮೆ ಓದಿ. ಆರೇ ಅಧ್ಯಾಯ, ಅರ್ಧ ಗಂಟೆ ಸಾಕು. ಮೊದಲ ಮೂರು ಅಧ್ಯಾಯದ ತುಂಬ ದೇವರು ನಮಗಾಗಿ ಏನು ಮಾಡಿದ್ದಾನೆ ಅನ್ನುವುದೇ. ಸುಳ್ಳು ಬಿಡಿ, ಸಿಟ್ಟಿನಲ್ಲಿ ಸೂರ್ಯ ಮುಳುಗಲು ಬಿಡಬೇಡಿ, ಕೆಟ್ಟ ಮಾತು ಬಾಯಿಂದ ಹೊರಡಬಾರದು ಅನ್ನುವುದೆಲ್ಲ ಬರುವುದು ನಾಲ್ಕನೆಯ ಅಧ್ಯಾಯದಲ್ಲಿ. ಈ ಕ್ರಮವನ್ನು ತಿರುಗುಮುರುಗು ಮಾಡಬೇಡಿ. ನೀವು ಚೆನ್ನಾಗಿ ನಡೆದುಕೊಂಡರೆ ದೇವರು ಪ್ರೀತಿಸುತ್ತಾನೆ ಅಂತಲ್ಲ. ಪ್ರೀತಿಸಿದ್ದಾನೆ, ಅದಕ್ಕೇ ನೀವು ಬೇರೆ ತರ ನಡೆಯಬಹುದು. ಫಿಲಿಪ್ಪಿಯವರಿಗೆ ಬರೆಯುವಾಗಲೂ ಅಷ್ಟೇ. ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿರಿ ಅಂತ ಹೇಳಿ, ಉಸಿರು ಬಿಡದೆ, ನಿಮ್ಮಲ್ಲಿ ಕೆಲಸ ಮಾಡುವವನು ದೇವರೇ ಅನ್ನುತ್ತಾನೆ. ಎರಡೂ ಒಟ್ಟಿಗೆ ನಿಜ.

ಇದು ತಲೆಗೆ ಗೊತ್ತಿದ್ದರೂ ಎದೆಗೆ ಇಳಿಯಲು ವರ್ಷಗಳು ಬೇಕಾಗಬಹುದು. ಪಂಡಿತಾ ರಮಾಬಾಯಿ ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಹುಟ್ಟಿದವರು. ಸಂಸ್ಕೃತ ಪಂಡಿತೆ. 1883ರಲ್ಲಿ ಇಂಗ್ಲೆಂಡಿನಲ್ಲಿ ದೀಕ್ಷಾಸ್ನಾನ ಪಡೆದರು. ಆದರೆ ತಮಗೆ ಆಗ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ ಅಂತ ಅವರೇ ಆಮೇಲೆ ಬರೆದರು. ಅದು ಅರ್ಥವಾಗಲು ಸುಮಾರು ಎಂಟು ವರ್ಷ ಹಿಡಿಯಿತು. ಪುಣೆಯ ಹತ್ತಿರ ಕೇಡಗಾಂವ್‌ನಲ್ಲಿ ಅವರು ಕಟ್ಟಿದ ಮುಕ್ತಿ ಮಿಷನ್‌ನಲ್ಲಿ ಬರಗಾಲದ ಹೆಣ್ಣುಮಕ್ಕಳಿಗೆ, ವಿಧವೆಯರಿಗೆ ಆಸರೆ ಸಿಕ್ಕಿದ್ದು ಎಲ್ಲರಿಗೂ ಗೊತ್ತು. ಆದರೆ ದೃಢೀಕರಣದ ಹುಡುಗಿಯರಿಗೆ ನಾನು ಹೇಳುವುದು ಆ ಎಂಟು ವರ್ಷದ ಕಥೆಯನ್ನು. ಅಷ್ಟು ಓದಿದವರಿಗೇ ಅಷ್ಟು ಕಾಲ ಬೇಕಾಯಿತು. ನಿಮಗೆ ಇನ್ನೂ ಆಗಿಲ್ಲ ಅಂತ ಗಾಬರಿ ಬೇಡ.

ರಾತ್ರಿಯ ಹತ್ತು ನಿಮಿಷ

ಇದನ್ನು ನಾನು ಕಲಿತದ್ದು ನನ್ನ ಜೊತೆ ರಾತ್ರಿ ಪಾಳಿ ಮಾಡುತ್ತಿದ್ದ ಒಬ್ಬ ಕಥೋಲಿಕ ಸಿಸ್ಟರ್ ಹತ್ತಿರ. ಲೊಯೋಲಾದ ಇಗ್ನೇಷಿಯಸ್ ಕಲಿಸಿದ ಕ್ರಮ ಇದು. ಆತ ಸ್ಪೇನಿನ ಸೈನಿಕ. 1521ರಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಕಾಲಿಗೆ ಬಡಿದು ತಿಂಗಳುಗಟ್ಟಲೆ ಮಲಗಿದ್ದಾಗ ಮನಸ್ಸು ತಿರುಗಿತು. ನಮ್ಮದು ಪ್ರೊಟೆಸ್ಟೆಂಟ್ ಸಭೆ, ಇದೆಲ್ಲ ಯಾಕೆ ಅಂತ ಕೆಲವರು ಕೇಳುತ್ತಾರೆ. ತನ್ನನ್ನು ತಾನೇ ಶೋಧಿಸಿಕೊಳ್ಳಿ ಅಂತ ಕೊರಿಂಥದವರಿಗೆ ಪೌಲನೇ ಬರೆದಿದ್ದಾನೆ. ಒಳ್ಳೆಯದು ಯಾರ ಮನೆಯಿಂದ ಬಂದರೂ ತೆಗೆದುಕೊಳ್ಳೋಣ.

ಆಸ್ಪತ್ರೆಯಲ್ಲಿ ಪಾಳಿ ಮುಗಿಯುವಾಗ ಮುಂದಿನವರಿಗೆ ವರದಿ ಒಪ್ಪಿಸುತ್ತೇವೆ. ಯಾವ ಹಾಸಿಗೆಯವರಿಗೆ ಜ್ವರ ಎಷ್ಟು, ಯಾವ ಔಷಧ ಕೊಟ್ಟಾಯಿತು, ಯಾವುದು ಬಾಕಿ. ಅಳುವುದಿಲ್ಲ, ಮುಚ್ಚಿಡುವುದೂ ಇಲ್ಲ, ಇದ್ದದ್ದು ಇದ್ದ ಹಾಗೆ. ರಾತ್ರಿಯ ಈ ಪ್ರಾರ್ಥನೆಯೂ ಹಾಗೇ ಇರಲಿ.

ಮೊದಲು ಇವತ್ತಿನ ಯಾವುದಾದರೂ ಎರಡು ವಿಷಯಕ್ಕೆ ಸ್ತೋತ್ರ ಹೇಳಿ. ಸಾಮಾನ್ಯವಾಗಿ ಅಲ್ಲ, ಇವತ್ತಿನದೇ ಆಗಬೇಕು. ಕರೆಂಟ್ ಹೋಗಲಿಲ್ಲ, ಅಮ್ಮನ ಶುಗರ್ ಸರಿ ಇತ್ತು, ಏನಾದರೂ ಸರಿ. ಆಮೇಲೆ ಪವಿತ್ರಾತ್ಮನ ಬೆಳಕು ಕೇಳಿ. ಬೆಳಿಗ್ಗೆಯಿಂದ ಗಂಟೆ ಗಂಟೆಯಾಗಿ ದಿನವನ್ನು ನೆನಪಿಸಿಕೊಳ್ಳಿ. ನೀವು ಆರಿಸಿದ ಆ ಒಂದು ವಿಷಯ ಎಲ್ಲಿ ಬಂತು? ಎಲ್ಲಿ ಬರಬಹುದಿತ್ತು, ಬರಲಿಲ್ಲ? ಈ ಎರಡನೆಯ ಪ್ರಶ್ನೆಯನ್ನು ಬಿಡಬೇಡಿ, ಯಾಕೆಂದರೆ ದೇವರು ಕೆಲಸ ಮಾಡಿದ್ದು ಕಾಣುವುದು ಅಲ್ಲಿಯೇ. ತಪ್ಪಿದ ಜಾಗಕ್ಕೆ ಕ್ಷಮೆ ಕೇಳಿ. ನಾಳೆ ಯಾವ ಹೊತ್ತು ಕಷ್ಟ ಅಂತ ಯೋಚಿಸಿ, ಆ ಹೊತ್ತಿಗಾಗಿ ಮೊದಲೇ ಪ್ರಾರ್ಥಿಸಿ. ಮುಗಿಯಿತು, ಮಲಗಿ.

ಇಗ್ನೇಷಿಯಸ್ ಇನ್ನೊಂದು ಉಪಾಯ ಹೇಳಿದ್ದಾರೆ, ನನಗೆ ತುಂಬಾ ಇಷ್ಟ. ವಾರದ ಒಂದೊಂದು ದಿನಕ್ಕೆ ಒಂದೊಂದು ಗೆರೆ ಎಳೆದು, ಆ ತಪ್ಪು ಎಷ್ಟು ಸಲ ಆಯಿತೋ ಅಷ್ಟು ಚುಕ್ಕಿ ಹಾಕುವುದು. ಆಮೇಲೆ ದಿನಕ್ಕೆ ದಿನ, ವಾರಕ್ಕೆ ವಾರ ಹೋಲಿಸಿ ನೋಡುವುದು. ಹಗಲಿನಲ್ಲಿ ತಪ್ಪಿದ ಕೂಡಲೇ ಎದೆಯ ಮೇಲೆ ಕೈ ಇಟ್ಟುಕೊಂಡು ದುಃಖ ಪಡಿ ಅಂತಲೂ ಹೇಳುತ್ತಾರೆ. ಜನರ ಮಧ್ಯೆ ಇದ್ದರೂ ಯಾರಿಗೂ ಗೊತ್ತಾಗದ ಹಾಗೆ ಇದನ್ನು ಮಾಡಬಹುದು. ನಾನು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೆರೆ ಎಳೆದು ಕೊಡುತ್ತೇನೆ. ಮೊದಲ ವಾರ ಚುಕ್ಕಿಗಳು ಜಾಸ್ತಿಯಾಗುತ್ತವೆ. ಹೆದರಬೇಡಿ. ತಪ್ಪು ಹೆಚ್ಚಾಗಿಲ್ಲ, ನಿಮ್ಮ ಕಣ್ಣು ತೆರೆದಿದೆ.

ಬಿಟ್ಟ ಜಾಗ ಖಾಲಿ ಇರಬಾರದು

ಎಫೆಸದ ಪತ್ರದಲ್ಲಿ ಕಳ್ಳನಿಗೆ ಪೌಲ ಏನು ಹೇಳುತ್ತಾನೆ ನೋಡಿ. ಕಳ್ಳತನ ಬಿಡು ಅಂತ ಹೇಳಿ ನಿಲ್ಲಿಸುವುದಿಲ್ಲ. ಕೈಯಿಂದ ದುಡಿ ಅನ್ನುತ್ತಾನೆ. ಅದಕ್ಕೂ ನಿಲ್ಲುವುದಿಲ್ಲ, ಕೊರತೆಯಲ್ಲಿರುವವರಿಗೆ ಕೊಡುವಷ್ಟು ದುಡಿ ಅನ್ನುತ್ತಾನೆ. ಕಸಿದುಕೊಳ್ಳುತ್ತಿದ್ದ ಅದೇ ಕೈ ಈಗ ಕೊಡಬೇಕು. ನಿಮ್ಮ ಒಂದು ವಿಷಯಕ್ಕೂ ಹೀಗೊಂದು ತಿರುವು ಹುಡುಕಿ. ಒಬ್ಬರ ಬಗ್ಗೆ ಚಾಡಿ ಹೇಳುವ ಅಭ್ಯಾಸ ಇದೆಯಾ? ದಿನಕ್ಕೊಮ್ಮೆ ಅದೇ ವ್ಯಕ್ತಿಯ ಬಗ್ಗೆ, ಅವರಿಲ್ಲದಾಗ, ಒಂದು ನಿಜವಾದ ಒಳ್ಳೆಯ ಮಾತು ಹೇಳಿ. ಬೆಳಿಗ್ಗೆ ಮಗನ ಮೇಲೆ ಕೂಗುತ್ತೀರಾ? ಅವನ ಚೀಲ ರಾತ್ರಿಯೇ ತುಂಬಿಡಿ, ಅರ್ಧ ಗಂಟೆ ಮುಂಚೆ ಏಳಿ. ಇದೇನು ಆತ್ಮಿಕ ವಿಷಯವಾ ಅಂತ ಕೇಳಬೇಡಿ. ಹೌದು, ಇದೇ ಆತ್ಮಿಕ ವಿಷಯ.

ಮತ್ತೆ ಒಂದು ಕೀರ್ತನೆ ಆರಿಸಿಕೊಳ್ಳಿ. ನಾಲಿಗೆಯ ತೊಂದರೆ ಇದ್ದವರಿಗೆ 141. ಬಾಯಿಗೆ ಕಾವಲು ಇಡು ಅನ್ನುವ ಬೇಡಿಕೆ ಅಲ್ಲಿದೆ. ಹೊಟ್ಟೆಕಿಚ್ಚು ಇದ್ದವರಿಗೆ 73. ಇದನ್ನು ಬರೆದ ಆಸಾಫ ದೇವಾಲಯದ ಗಾಯಕ. ಕೆಟ್ಟವರು ಚೆನ್ನಾಗಿರುವುದನ್ನು ನೋಡಿ ತನ್ನ ಕಾಲು ಜಾರಿಯೇ ಹೋಗುತ್ತಿತ್ತು ಅಂತ ಅವನು ಮುಚ್ಚುಮರೆ ಇಲ್ಲದೆ ಹೇಳುತ್ತಾನೆ. ದೊಡ್ಡಸ್ತಿಕೆಗೆ 131, ಮೂರೇ ವಚನ. ಹಳೆಯ ಪಾಪ ಕೊರೆಯುತ್ತಿದ್ದರೆ 32 ಅಥವಾ 51. ಅದನ್ನು ಬಾಯಿಪಾಠ ಮಾಡಿ. ಹಿಟ್ಟು ನಾದುವಾಗ, ಗಾಡಿ ಓಡಿಸುವಾಗ, ಬಸ್ಸಿಗೆ ಕಾಯುವಾಗ ಹೇಳಿ. ದಿನಕ್ಕೊಂದು ಹೊಸ ಕೀರ್ತನೆ ಓದಿದರೆ ಓದಿದ ಸಮಾಧಾನ ಸಿಗುತ್ತದೆ. ಒಂದನ್ನೇ ನಲವತ್ತು ದಿನ ಹೇಳಿದರೆ ಸಿಟ್ಟು ಬರುವ ಗಳಿಗೆಯಲ್ಲಿ ಅದು ತಾನಾಗಿಯೇ ಬಾಯಿಗೆ ಬರುತ್ತದೆ. ನಮಗೆ ಬೇಕಾದದ್ದು ಅದು.

ಒಬ್ಬರಿಗೆ ಹೇಳಿ

ನಮ್ಮ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಇದೊಂದು ಕೊರತೆ ಇದೆ ಅಂತ ನನಗನಿಸುತ್ತದೆ. ಪಾಪದ ಅರಿಕೆಯನ್ನು ಭಾನುವಾರ ಎಲ್ಲರೂ ಒಟ್ಟಿಗೆ ಓದುತ್ತೇವೆ. ಆದರೆ ಒಬ್ಬರ ಮುಖ ನೋಡಿ ಹೇಳುವ ಅಭ್ಯಾಸ ತಪ್ಪಿಹೋಗಿದೆ. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆಮಾಡಿ, ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿ ಅಂತ ಯಾಕೋಬನ ಪತ್ರದ ಐದನೆಯ ಅಧ್ಯಾಯದಲ್ಲಿ ಸ್ಪಷ್ಟವಾಗಿದೆ.

ಇದನ್ನು ಚೆನ್ನಾಗಿ ನಡೆಸಿ ತೋರಿಸಿದವರು ಇಂಗ್ಲೆಂಡಿನ ಬೋಧಕ ಜಾನ್ ವೆಸ್ಲಿ. ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್‌ಗೆ ಅವರದೇ ಹೆಸರು. ಅವರು 1738ರ ಕ್ರಿಸ್ಮಸ್ ದಿನ ಚಿಕ್ಕ ಚಿಕ್ಕ ಗುಂಪುಗಳಿಗಾಗಿ ನಿಯಮ ಬರೆದರು. ವಾರಕ್ಕೊಮ್ಮೆಯಾದರೂ ಸೇರಬೇಕು. ಹೋದ ಸಲ ಕೂಡಿದ ಮೇಲೆ ನಿಮಗೆ ಗೊತ್ತಿದ್ದು ಮಾಡಿದ ಪಾಪ ಏನು, ಯಾವ ಶೋಧನೆ ಬಂತು, ಅದರಿಂದ ಹೇಗೆ ಪಾರಾದಿರಿ ಅಂತ ಒಬ್ಬೊಬ್ಬರನ್ನೂ ಕೇಳಬೇಕು. ಗಂಡಸರು ಬೇರೆ, ಹೆಂಗಸರು ಬೇರೆ. ಮದುವೆಯಾದವರು ಬೇರೆ, ಆಗದವರು ಬೇರೆ. ಎಷ್ಟು ವಿವೇಕ ನೋಡಿ.

ನಿಮಗೆ ಗುಂಪು ಬೇಡ, ಒಬ್ಬರು ಸಾಕು. ನಿಮ್ಮಂತೆಯೇ ಹೆಣ್ಣಾದರೆ ಹೆಣ್ಣು, ಗಂಡಾದರೆ ಗಂಡು. ಗಂಡನೋ ಹೆಂಡತಿಯೋ ಆಗುವುದು ಬೇಡ, ಅವರಿಗೆ ಈ ಭಾರ ಬೇರೆ ತರ ತಟ್ಟುತ್ತದೆ. ಬಾಯಿ ಬಿಗಿ ಇರುವವರು ಬೇಕು. ಜಾಣರಾಗಿರಬೇಕಿಲ್ಲ, ಉಪದೇಶ ಮಾಡುವ ಚಪಲ ಇರಬಾರದು. ವಾರಕ್ಕೊಮ್ಮೆ ಹದಿನೈದು ನಿಮಿಷ. ಅವರು ಕೇಳಬೇಕಾದ್ದು: ಈ ವಾರ ಹೇಗಿತ್ತು? ಹೇಳಿದ ಮೇಲೆ ಅವರು ನಿಮ್ಮ ಹೆಸರು ಹಿಡಿದು ಪ್ರಾರ್ಥಿಸಬೇಕು. ಎದುರಿಗೆ ಕೂತೇ ಆಗಲಿ, ಆಗದಿದ್ದರೆ ಫೋನಿನಲ್ಲಿ ಮಾತಾಡಿ. ವಾಟ್ಸಾಪಿನಲ್ಲಿ ಬರೆಯಬೇಡಿ. ಬರೆದದ್ದು ಎಲ್ಲೆಲ್ಲೋ ಹೋಗುತ್ತದೆ. ‘ಇಂಥವರಿಗಾಗಿ ಪ್ರಾರ್ಥಿಸಿ’ ಅಂತ ಶುರುವಾಗಿ ಊರಿಗೆಲ್ಲ ಹಬ್ಬಿದ ಗುಟ್ಟುಗಳು ಎಷ್ಟೋ ಇವೆ. ಪ್ರಾರ್ಥನೆಯ ಹೆಸರಿನಲ್ಲಿ ಒಬ್ಬರ ಮಾನ ಹೋಗುವುದನ್ನು ನೋಡಿದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಹಿಂದಕ್ಕೆ ಕೊಡುವುದು

ಇಷ್ಟರ ತನಕ ಬಂದವರಲ್ಲಿ ಹೆಚ್ಚಿನವರು ಇಲ್ಲಿ ನಿಲ್ಲುತ್ತಾರೆ. ದೇವರು ಕ್ಷಮಿಸಿದ, ಮನಸ್ಸು ಹಗುರವಾಯಿತು, ಸಾಕು ಅನ್ನುತ್ತಾರೆ. ನನ್ನ ಪ್ರಕಾರ ಸಾಕಾಗಲಿಲ್ಲ. ನಿಮ್ಮಿಂದ ನೋವಾದವರ ತನಕ ಆ ಬದಲಾವಣೆ ಹೋಗಿ ಮುಟ್ಟಬೇಕು.

ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನ ಕಥೆ ಭಾನುವಾರ ಶಾಲೆಯ ಮಕ್ಕಳಿಗೂ ಗೊತ್ತು. ಮರ ಹತ್ತಿದ್ದು, ಯೇಸು ಕರೆದದ್ದು, ಮನೆಗೆ ಬಂದದ್ದು. ಮಕ್ಕಳಿಗೆ ಹೇಳುವಾಗ ಅಲ್ಲಿಗೇ ಮುಗಿಸಿಬಿಡುತ್ತೇವೆ. ಆದರೆ ಲೂಕನ 19ನೆಯ ಅಧ್ಯಾಯದ ತಿರುಳು ಎಂಟನೆಯ ವಚನದಲ್ಲಿದೆ. ಆಸ್ತಿಯಲ್ಲಿ ಅರ್ಧ ಬಡವರಿಗೆ, ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ವಾಪಸ್. ತಾನೇ ತಪ್ಪು ಒಪ್ಪಿಕೊಂಡವನಿಗೆ ಮೋಶೆಯ ಧರ್ಮಶಾಸ್ತ್ರ ಕೇಳಿದ್ದು ಅಸಲು ಮತ್ತು ಅದರ ಐದನೆಯ ಒಂದು ಭಾಗ ಮಾತ್ರ. ನಾಲ್ಕರಷ್ಟು ಅನ್ನುವುದು ಕುರಿ ಕದ್ದು ಕೊಯ್ದವನಿಗೋ ಮಾರಿದವನಿಗೋ ಇದ್ದ ದಂಡ. ಜಕ್ಕಾಯ ತನ್ನನ್ನು ತಾನೇ ಕಳ್ಳರ ಸಾಲಿಗೆ ಸೇರಿಸಿಕೊಂಡ. ಯಾರೂ ಕೇಳಿರಲಿಲ್ಲ. ಈ ಮನೆಗೆ ಇವತ್ತು ರಕ್ಷಣೆ ಬಂತು ಅಂತ ಯೇಸು ಹೇಳಿದ್ದು ಅದಾದ ಮೇಲೆ.

ನಮ್ಮ ಕಡೆ ಒಬ್ಬ ದರ್ಜಿ ಇದ್ದಾರೆ. ಹೊಲಿಯಲು ಕೊಟ್ಟ ಬಟ್ಟೆಯಲ್ಲಿ ಉಳಿದ ತುಂಡು ಇಟ್ಟುಕೊಳ್ಳುವುದು ಅವರ ಕಸುಬಿನಲ್ಲಿ ರೂಢಿ. ಯಾರೂ ಅದನ್ನು ಕಳ್ಳತನ ಅನ್ನುವುದಿಲ್ಲ. ಒಂದು ಶ್ರಮೆಯ ಕಾಲದಲ್ಲಿ ಅವರು ಆರಿಸಿಕೊಂಡ ಒಂದು ವಿಷಯ ಅದೇ. ಈಗ ಅವರ ಅಂಗಡಿಯಲ್ಲಿ ಹೊಲಿದ ಬಟ್ಟೆಯ ಜೊತೆ ಒಂದು ಸಣ್ಣ ಗಂಟು ಕೊಡುತ್ತಾರೆ. ಉಳಿದ ತುಂಡು, ಗುಂಡಿ, ಎಲ್ಲ ಅದರಲ್ಲಿ. ಹಳೆಯ ಗಿರಾಕಿಗಳಲ್ಲಿ ಯಾರ ಬಟ್ಟೆ ಜಾಸ್ತಿ ಉಳಿದಿತ್ತು ಅಂತ ನೆನಪಿತ್ತೋ ಅವರಿಗೆ ಒಂದೊಂದು ಕುಪ್ಪಸ ಹಣ ತೆಗೆದುಕೊಳ್ಳದೆ ಹೊಲಿದು ಕೊಟ್ಟರು. ಸಾಕ್ಷಿ ಹೇಳಿ ಅಂತ ಸಭೆಯಲ್ಲಿ ಕರೆದರೂ ಅವರು ಎದ್ದು ನಿಲ್ಲಲಿಲ್ಲ. ಆ ಗಂಟೇ ಸಾಕ್ಷಿ ಅಲ್ವಾ?

ಕ್ಷಮೆ ಕೇಳಲು ಹೋಗುವಾಗ ಕೆಲವು ವಿಷಯ ನೆನಪಿಡಿ. ಒಬ್ಬರೇ ಹೋಗಿ. ಮಾಡಿದ್ದನ್ನು ಮಾಡಿದ ಹಾಗೇ ಹೇಳಿ. ‘ನಿಮಗೆ ಬೇಜಾರಾಗಿದ್ದರೆ’ ಅನ್ನಬೇಡಿ. ಬೇಜಾರಾಗಿದೆ, ಅದಕ್ಕೇ ಹೋಗಿದ್ದೀರಿ. ‘ಆದರೆ’ ಅನ್ನುವ ಮಾತು ಬಾಯಿಗೆ ಬಂದರೆ ಅಲ್ಲಿಯೇ ನಿಲ್ಲಿಸಿ. ಹಣ, ಒಡವೆ, ಜಾಗದ ವಿಷಯವಾದರೆ ಬರೀ ಮಾತು ಬೇಡ. ಪೂರ್ತಿ ಕೊಡಲಾಗದಿದ್ದರೆ ತಿಂಗಳಿಗೆ ಇಷ್ಟು ಅಂತ ಶುರುಮಾಡಿ. ಅವರು ಕ್ಷಮಿಸದೇ ಇರಬಹುದು. ಅದು ಅವರ ಹಕ್ಕು. ಕ್ಷಮಿಸಲೇಬೇಕು, ಕ್ರೈಸ್ತರಲ್ವಾ ಅಂತ ವಾಕ್ಯ ತೋರಿಸಿ ಒತ್ತಾಯ ಮಾಡಬೇಡಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆ ಬಿಟ್ಟು ಹೋಗಿ ಮೊದಲು ಸಹೋದರನ ಸಂಗಡ ಒಂದಾಗು ಅಂತ ಯೇಸು ಹೇಳಿದ್ದು ತಪ್ಪು ಮಾಡಿದವನಿಗೆ. ನೋವು ತಿಂದವನಿಗೆ ಅಲ್ಲ.

ಮತ್ತೆ ಬಿದ್ದರೆ

ಬೀಳುತ್ತೀರಿ. ಮೂರನೆಯ ವಾರದ ಹೊತ್ತಿಗೆ ಸಾಮಾನ್ಯವಾಗಿ ಒಂದು ದೊಡ್ಡ ಬೀಳು ಬರುತ್ತದೆ. ಆಗ ಯೇಸುವಿನ ಶಿಷ್ಯ ಪೇತ್ರನನ್ನು ನೆನಪಿಸಿಕೊಳ್ಳಿ, ಆದರೆ ಎಲ್ಲರೂ ಹೇಳುವ ಅರ್ಧ ಕಥೆಯನ್ನಲ್ಲ. ಮಹಾಯಾಜಕನ ಅಂಗಳದಲ್ಲಿ ಜನರಿಗೆ ಹೆದರಿ ಮೂರು ಸಲ ಯೇಸುವನ್ನು ಅರಿಯೆನು ಅಂದ. ತಿಬೇರಿಯ ಸಮುದ್ರದ ದಡದಲ್ಲಿ ಯೇಸು ಮೂರು ಸಲ ಕೇಳಿ ಅವನನ್ನು ಮತ್ತೆ ಎತ್ತಿ ನಿಲ್ಲಿಸಿದ. ಪವಿತ್ರಾತ್ಮ ಇಳಿದುಬಂದ ಪಂಚಾಶತ್ತಮ ದಿನ ಅದೇ ಪೇತ್ರ ಯೆರೂಸಲೇಮಿನಲ್ಲಿ ಎದೆಯೆತ್ತಿ ಸಾರಿದ. ಇಲ್ಲಿಗೆ ಮುಗಿಸಿದರೆ ಚೆನ್ನಾಗಿರುತ್ತದೆ. ಆದರೆ ಗಲಾತ್ಯದವರಿಗೆ ಪೌಲ ಬರೆದ ಪತ್ರದ ಎರಡನೆಯ ಅಧ್ಯಾಯ ಓದಿ. ವರ್ಷಗಳ ನಂತರ ಅಂತಿಯೋಕ್ಯದಲ್ಲಿ ಯೆಹೂದ್ಯರಲ್ಲದ ಅನ್ಯಜನರ ಜೊತೆ ಕೂತು ಊಟ ಮಾಡುತ್ತಿದ್ದ ಪೇತ್ರ, ಯೆರೂಸಲೇಮಿನ ಕಡೆಯಿಂದ ಕೆಲವರು ಬಂದ ಕೂಡಲೇ ಹಿಂದೆ ಸರಿದ. ಯಾಕೆ? ಹೆದರಿಕೆ. ಅದೇ ಹಳೆಯ ಹೆದರಿಕೆ, ಜನ ಏನಂತಾರೋ ಅನ್ನುವುದು. ಎಲ್ಲರ ಮುಂದೆ ಪೌಲ ಅವನನ್ನು ತಡೆದು ನಿಲ್ಲಿಸಬೇಕಾಯಿತು.

ಇದನ್ನು ಓದಿದಾಗೆಲ್ಲ ನನಗೆ ಧೈರ್ಯ ಬರುತ್ತದೆ. ಪವಿತ್ರಾತ್ಮ ತುಂಬಿದ ಅಪೊಸ್ತಲನಿಗೂ ತನ್ನ ಹಳೆಯ ಕುಂದು ಮತ್ತೆ ಎದುರಾಯಿತು. ಮತ್ತೆ ಬಂತು ಅಂದ ಮಾತ್ರಕ್ಕೆ ಹಿಂದಿನದೆಲ್ಲ ಸುಳ್ಳಾಗಲಿಲ್ಲ. ಅವನನ್ನು ತಡೆಯಲು ಒಬ್ಬ ಸಹೋದರ ಇದ್ದ, ಅದು ದೊಡ್ಡದು. ಬಿದ್ದ ದಿನ ಚುಕ್ಕಿ ಹಾಕಿ, ಕ್ಷಮೆ ಕೇಳಿ, ನಿಮ್ಮ ಜೊತೆಗಾರರಿಗೆ ಮರುದಿನವೇ ಹೇಳಿ. ವಾರ ಮುಗಿಯಲಿ ಅಂತ ಕಾಯಬೇಡಿ. ಹೇಳದೆ ಕಳೆದ ಒಂದೊಂದು ದಿನವೂ ನಾಚಿಕೆಯನ್ನು ದಪ್ಪ ಮಾಡುತ್ತದೆ. ಅರಿಕೆ ಮಾಡದೆ ಇದ್ದಾಗ ಎಲುಬುಗಳೇ ಸವೆದವು ಅಂತ 32ನೆಯ ಕೀರ್ತನೆ ಹೇಳುವುದು ಇದನ್ನೇ.

ಇದು ಪಾಪವಲ್ಲ, ಬೇರೆ ಏನೋ

ನರ್ಸ್ ಆಗಿದ್ದವಳು ನಾನು, ಇದನ್ನು ಹೇಳದೆ ಬಿಡಲಾರೆ.

ಗಂಡ ಹೊಡೆಯುತ್ತಾನೆ, ‘ನಾನು ಇನ್ನೂ ದೀರ್ಘಶಾಂತಿ ಕಲಿಯಬೇಕು’ ಅಂತ ಬರೆದುಕೊಂಡು ಬಂದ ಹೆಣ್ಣುಮಗಳಿಗೆ ನಾನು ಆ ಚೀಟಿ ವಾಪಸ್ ಕೊಟ್ಟೆ. ಅದು ಅವಳ ಪಾಪವಲ್ಲ. ಹೊಡೆತ ತಿನ್ನುವುದು ಆತ್ಮಿಕ ಬೆಳವಣಿಗೆಯೂ ಅಲ್ಲ. ಅವಳಿಗೆ ಮೊದಲು ಬೇಕಿದ್ದದ್ದು ಸುರಕ್ಷಿತ ಜಾಗ. ಮಹಿಳಾ ಸಹಾಯವಾಣಿ 181 ಇದೆ, ಅದಕ್ಕೆ ಕರೆ ಮಾಡುವುದು ನಂಬಿಕೆಯ ಕೊರತೆಯಲ್ಲ.

ಇನ್ನೊಂದು. ವಾರಗಟ್ಟಲೆ ನಿದ್ದೆ ಇಲ್ಲ, ಊಟ ಬೇಡ, ಯಾವುದರಲ್ಲೂ ಮನಸ್ಸಿಲ್ಲ, ಸತ್ತರೆ ಒಳ್ಳೆಯದು ಅನಿಸುತ್ತಿದೆ ಅಂದರೆ ಅದನ್ನು ‘ಪ್ರಾರ್ಥನೆ ಕಮ್ಮಿಯಾಗಿದೆ’ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ವೈದ್ಯರ ಹತ್ತಿರ ಹೋಗಿ. ಮಾನಸಿಕ ಆರೋಗ್ಯಕ್ಕೆಂದೇ ಇರುವ ಆಸ್ಪತ್ರೆ ನಮ್ಮ ಧಾರವಾಡದಲ್ಲಿ ಡಿಮ್ಹಾನ್ಸ್, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಸಿಗುತ್ತಾರೆ, ಕನ್ನಡದಲ್ಲಿಯೇ ಮಾತಾಡಬಹುದು, ದುಡ್ಡಿಲ್ಲ. ಪ್ರವಾದಿ ಎಲೀಯ ಜಾಲಿ ಗಿಡದ ಕೆಳಗೆ ಕೂತು ಸಾಯಬೇಕು ಅಂದಾಗ ದೇವದೂತ ಗದರಲಿಲ್ಲ. ರೊಟ್ಟಿ, ನೀರು ಕೊಟ್ಟ, ಮಲಗಲು ಬಿಟ್ಟ, ಮತ್ತೆ ಎಬ್ಬಿಸಿ ತಿನ್ನಿಸಿದ. ಗುಣವಾಗುವ ತನಕ ಚುಕ್ಕಿ ಲೆಕ್ಕವನ್ನೆಲ್ಲ ಪಕ್ಕಕ್ಕಿಡಿ.

ಮಾಡಿದ್ದೇ ತಪ್ಪೋ ಸರಿಯೋ ಅಂತ ದಿನವಿಡೀ ಕೊರಗುವ ಸ್ವಭಾವದವರೂ ಇದ್ದಾರೆ. ಅವರು ರಾತ್ರಿಯ ಪ್ರಾರ್ಥನೆಯಲ್ಲಿ ಸ್ತೋತ್ರದ ಭಾಗ ಮಾತ್ರ ಮಾಡಿದರೆ ಸಾಕು.

ಈಸ್ಟರ್ ಆದ ಮೇಲೆ

ನಲವತ್ತು ದಿನ ಮುಗಿದಾಗ ಆ ಒಂದು ವಿಷಯ ಪೂರ್ತಿ ಹೋಗಿರುವುದಿಲ್ಲ. ಚುಕ್ಕಿಗಳು ಕಡಿಮೆಯಾಗಿವೆಯಾ ನೋಡಿ. ಆಗಿದ್ದರೆ ಸ್ತೋತ್ರ. ಆಗದಿದ್ದರೆ ಅದನ್ನೇ ಮುಂದುವರಿಸಿ, ಬೇರೆಯದಕ್ಕೆ ಹಾರಬೇಡಿ. ಈಸ್ಟರ್‌ನಿಂದ ಪಂಚಾಶತ್ತಮದ ತನಕ ಇನ್ನೂ ಏಳು ವಾರ ಇದೆ, ಆ ಕಾಲವನ್ನು ಬಳಸಿಕೊಳ್ಳಿ.

ಹೊಸದನ್ನು ಆರಿಸುವ ಹೊತ್ತು ಬಂದಾಗ ಈ ಸಲ ನೀವೊಬ್ಬರೇ ಆರಿಸಬೇಡಿ. ನಿಮ್ಮ ಜೊತೆ ಒಂದೇ ಸೂರಿನ ಕೆಳಗೆ ಇರುವ ಒಬ್ಬರನ್ನು ಕೇಳಿ, ಮಗಳೋ ಅತ್ತೆಯೋ ತಮ್ಮನೋ: ‘ನನ್ನಲ್ಲಿ ಒಂದೇ ಒಂದು ಬದಲಾದರೆ ಈ ಮನೆಯಲ್ಲಿ ನಿನಗೆ ಇರಲು ಹಗುರವಾಗುತ್ತದೆ ಅಂದರೆ, ಅದು ಯಾವುದು?’ ಕೇಳಿ ಬಾಯಿ ಮುಚ್ಚಿಕೊಂಡು ಕೂರಿ. ಸಮಜಾಯಿಷಿ ಕೊಡಬೇಡಿ. ಅವರು ತಕ್ಷಣ ಹೇಳದಿದ್ದರೆ ಎರಡು ದಿನ ಬಿಟ್ಟು ಮತ್ತೆ ಕೇಳಿ. ನೀವು ಅಂದುಕೊಂಡದ್ದಕ್ಕೂ ಅವರು ಹೇಳಿದ್ದಕ್ಕೂ ಸಂಬಂಧವೇ ಇಲ್ಲದಿರಬಹುದು. ಅವರು ಹೇಳಿದ್ದನ್ನೇ ಬರೆದುಕೊಳ್ಳಿ.